ತಗಡಿನ ಸ್ಟಡ್ಡೋ, ಮರದ ಸ್ಟಡ್ಡೋ: ನಮ್ಮ ಬೇಸ್‌ಮೆಂಟಿನ ಮೂರು ಚಳಿಗಾಲ

ನಮ್ಮ ಬೇಸ್‌ಮೆಂಟಿನ ಗೋಡೆಗಳ ಒಳಗೆ ನಿಲ್ಲಿಸಿದ ಕಂಬಗಳು, ಅಂದರೆ ಸ್ಟಡ್‌ಗಳು, ಅರ್ಧ ಗೋಡೆಗಳಲ್ಲಿ ಉಕ್ಕಿನ ತಗಡಿನವು, ಉಳಿದರ್ಧದಲ್ಲಿ ಮರದವು. ಯೋಚನೆ ಮಾಡಿ ಹೀಗೆ ಮಾಡಿದ್ದಲ್ಲ. 2021ರ ಮೇ ತಿಂಗಳಲ್ಲಿ ಮರದ ಬೆಲೆ ನೋಡಿ ಹೆದರಿ ತಗಡು ತಂದೆ. ಅಕ್ಟೋಬರ್‌ನಲ್ಲಿ ತಗಡಿನ ಬೆಲೆ ನೋಡಿ ಹೆದರಿ ಮರ ತಂದೆ. ಹಾಗಾಗಿ ಎರಡನ್ನೂ ಒಂದೇ ಮನೆಯಲ್ಲಿ, ಒಂದೇ ಚಳಿಯಲ್ಲಿ, ಒಂದೇ ನೀರಿನಲ್ಲಿ ನೋಡಿದ ಅನುಭವ ನನ್ನದು. ನೀರು ಅಂದದ್ದು ಸುಮ್ನೆ ಅಲ್ಲ, ಅದರ ಕಥೆ ಮುಂದೆ ಬರುತ್ತದೆ.

ಮನೆ ಇರುವುದು ಮಿಶಿಗನ್‌ನ ಕ್ಯಾಂಟನ್‌ನಲ್ಲಿ, ಡೆಟ್ರಾಯಿಟ್‌ನ ಪಶ್ಚಿಮಕ್ಕೆ. 1998ರಲ್ಲಿ ಕಟ್ಟಿದ್ದು. ಅಲ್ಲಿ ಎಲ್ಲರ ಮನೆಗೂ ನೆಲಮಾಳಿಗೆ ಯಾಕೆ ಅಂತ ಊರಿನವರು ಕೇಳುತ್ತಾರೆ. ಚಳಿಗಾಲದಲ್ಲಿ ಇಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಮಣ್ಣು ಉಬ್ಬುತ್ತದೆ, ಪಾಯವನ್ನೇ ಎತ್ತಿಬಿಡುತ್ತದೆ. ಅದಕ್ಕೇ ಪಾಯ 42 ಇಂಚು ಕೆಳಗೆ ಹೋಗಲೇಬೇಕು. ಅಷ್ಟು ಅಗೆದ ಮೇಲೆ ಇನ್ನು ನಾಲ್ಕಡಿ ಅಗೆದರೆ ಒಂದು ಇಡೀ ಅಂತಸ್ತೇ ಸಿಗುತ್ತದಲ್ವಾ? ಸಿಗುವುದು ಬರೀ ಕಾಂಕ್ರೀಟ್ ಗೋಡೆ, ಬರೀ ಕಾಂಕ್ರೀಟ್ ನೆಲ. ಅದನ್ನು ವಾಸದ ಕೋಣೆ ಮಾಡಬೇಕಾದರೆ ಕಾಂಕ್ರೀಟ್ ಗೋಡೆಯ ಮುಂದೆ ಇನ್ನೊಂದು ಗೋಡೆ ಎಬ್ಬಿಸಬೇಕು. 16 ಇಂಚಿಗೊಂದು ಸ್ಟಡ್, ನಡುವೆ ಚಳಿ ತಡೆಯುವ ಉಣ್ಣೆ, ಮೇಲೆ ಡ್ರೈವಾಲ್, ಅಂದರೆ ಜಿಪ್ಸಮ್ ಹಲಗೆ. ಈ ಗೋಡೆ ಮನೆಯ ಭಾರ ಹೊರುವುದಿಲ್ಲ, ತನ್ನನ್ನು ತಾನು ಹೊತ್ತರೆ ಸಾಕು. ಆದ್ದರಿಂದ 25 ಗೇಜಿನ ತೆಳು ತಗಡಿನ ಸ್ಟಡ್ ಕೂಡ ನಡೆಯುತ್ತದೆ.

ನಮ್ಮಪ್ಪ ಮಲೆನಾಡಿನ ಸಾಗರ ಪೇಟೆಯ ಹತ್ತಿರ ಮೂವತ್ತು ವರ್ಷ ಸಾ ಮಿಲ್ ನೋಡಿಕೊಂಡವರು. ಹೊನ್ನೆ, ಮತ್ತಿ, ಸಾಗುವಾನಿ ಬಿಟ್ಟು ಬೇರೆಯದನ್ನು ಮರ ಅಂತ ಒಪ್ಪುವವರಲ್ಲ. ವಾಟ್ಸಾಪ್ ವಿಡಿಯೋದಲ್ಲಿ ನಾನು ತಂದ ತಗಡು ತೋರಿಸಿದೆ. "ಎಂತ ಮಾರಾಯ ಇದು? ಗೋಡೆ ಕಟ್ತೀಯೋ, ಡಬ್ಬ ಮಾಡ್ತೀಯೋ?" ಅಂದರು. ಆಮೇಲೆ ಕಣ್ಣು ಕಿರಿದು ಮಾಡಿ, "ಬೆಂಗಳೂರಲ್ಲಿ ನಿನ್ನ ಅಕ್ಕನ ಆಫೀಸಿನ ಫಾಲ್ಸ್ ಸೀಲಿಂಗಿಗೆ ಹಾಕಿದ್ದು ಇದನ್ನೇ ಅಲ್ವಾ?" ಅಂತಲೂ ಕೇಳಿದರು. ಹೆಚ್ಚುಕಡಿಮೆ ಅದೇ.

ಬೆಲೆಯ ಮಾತು ಮುಗಿಸಿಬಿಡುತ್ತೇನೆ. ಕೊರೋನಾಕ್ಕೆ ಮುಂಚೆ ಇಲ್ಲಿ ಕಟ್ಟಡದ ಮರದ ಸಗಟು ದರ ಸಾವಿರ ಬೋರ್ಡ್ ಅಡಿಗೆ (ಅಡಿ ಉದ್ದ, ಅಡಿ ಅಗಲ, ಇಂಚು ದಪ್ಪ ಇದ್ದರೆ ಒಂದು ಬೋರ್ಡ್ ಅಡಿ) 400 ಡಾಲರ್ ಆಸುಪಾಸು ಇತ್ತು. 2021ರ ಮೇನಲ್ಲಿ ಅದು 1,500 ದಾಟಿತು. ನಮ್ಮ ಹತ್ತಿರದ ಅಂಗಡಿಯಲ್ಲಿ ಎಂಟಡಿಯ ಒಂದು ಟೂ ಬೈ ಫೋರ್‌ಗೆ, ಅಂದರೆ ಮರದ ಸ್ಟಡ್ಡಿಗೆ, ಎಂಟು ಡಾಲರ್ ಚಿಲ್ಲರೆ, ಅದೂ ಬಾಗಿದ್ದು. ತಗಡಿನದು ಐದು ಚಿಲ್ಲರೆಗೆ ಸಿಕ್ಕಿತು. ಬೇಸಿಗೆ ಮುಗಿಯುವ ಹೊತ್ತಿಗೆ ಮರ ಇಳಿದು, ಉಕ್ಕು ಏರಿ ಕೂತಿತು. ಇವತ್ತಿನ ದರ ಇವತ್ತೇ ಅಂಗಡಿಗೆ ಹೋಗಿ ನೋಡಿ. ಸುಂಕ ಗಿಂಕ ಅಂತ ಅದು ಒಂದು ಕಡೆ ನಿಂತಿಲ್ಲ. ಬರೀ ಬೆಲೆ ನೋಡಿ ಆರಿಸಿದವನ ಗತಿ ಏನಾಯಿತು ಅನ್ನುವುದಕ್ಕೆ ನಾನೇ ಇದ್ದೇನೆ.

ತಗಡಿನ ಕೆಲಸದ ಮೊದಲ ಶನಿವಾರ ನನಗೆ ಭಾರಿ ಖುಷಿ. ಎಂಟಡಿಯ ಒಂದು ಸ್ಟಡ್ ಮೂರು ಪೌಂಡ್ ಚಿಲ್ಲರೆ ತೂಗುತ್ತದೆ. ಅದೇ ಉದ್ದದ ಮರದ್ದು ಎಂಟೊಂಬತ್ತು ಪೌಂಡ್. ಹತ್ತರ ಕಟ್ಟನ್ನು ಒಂದೇ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಎಲ್ಲವೂ ನೇರ. ಒಂದೂ ಬಾಗಿಲ್ಲ, ತಿರುಚಿಲ್ಲ, ಗಂಟಿಲ್ಲ. ಅಂಗಡಿಯಲ್ಲಿ ಒಂದೊಂದನ್ನೇ ಕಣ್ಣಿಗೆ ಹಿಡಿದು ನೋಡುವ ಕೆಲಸವೇ ಇಲ್ಲ. ನೆಲಕ್ಕೊಂದು ಟ್ರ್ಯಾಕ್ (ಕಾಲುವೆಯ ಹಾಗಿರುವ ತಗಡಿನ ಪಟ್ಟಿ), ಮೇಲಿನ ಜೋಯಿಸ್ಟ್‌ಗಳಿಗೊಂದು (ಮೇಲಂತಸ್ತಿನ ನೆಲ ಹೊರುವ ತೊಲೆಗಳು) ಟ್ರ್ಯಾಕ್, ನಡುವೆ ಸ್ಟಡ್ಡನ್ನು ಓರೆಯಾಗಿ ತೂರಿಸಿ ತಿರುಗಿಸಿದರೆ ಟಕ್ಕಂತ ಕೂರುತ್ತದೆ. ಪಕ್ಕಕ್ಕೊಂದು ಅರ್ಧ ಇಂಚಿನ ಸಣ್ಣ ಸ್ಕ್ರೂ, ಮುಗಿಯಿತು. ತಪ್ಪು ಜಾಗದಲ್ಲಿ ಕೂತರೆ ಸ್ಕ್ರೂ ಬಿಚ್ಚಿ ಸರಿಸಿದರಾಯಿತು. ಗರಗಸ ಬೇಡ, ಹೊಟ್ಟು ಇಲ್ಲ. ತಗಡು ಕತ್ತರಿಯಲ್ಲಿ ಎರಡೂ ಅಂಚು ಕತ್ತರಿಸಿ, ಬಗ್ಗಿಸಿ, ಬೆನ್ನು ಕತ್ತರಿಸುವುದು ಅಷ್ಟೇ.

ಹಳೇ ಬೇಸ್‌ಮೆಂಟಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ನಮ್ಮ ನೆಲ ಡ್ರೈನ್ ಕಡೆಗೆ ಮುಕ್ಕಾಲು ಇಂಚು ಇಳಿದಿದೆ. ಹಾಗಾಗಿ ಪ್ರತಿ ಸ್ಟಡ್ಡಿನ ಎತ್ತರವೂ ಬೇರೆ. ಮರದಲ್ಲಿ ಒಂದೊಂದನ್ನೂ ಅಳೆದು ಒಂದೊಂದನ್ನೂ ಕೊಯ್ಯಬೇಕು. ತಗಡಿನದು ಕಾಲು ಇಂಚು ಗಿಡ್ಡವಾದರೂ ಟ್ರ್ಯಾಕಿನ ತುಟಿಯೊಳಗೆ ಮುಚ್ಚಿಹೋಗುತ್ತದೆ. ಬಿಸಿಗಾಳಿ ಹಾಯುವ ಡಕ್ಟ್‌ಗಳ ಸುತ್ತ ಕಟ್ಟುವ ಪೆಟ್ಟಿಗೆಗಂತೂ ತಗಡಿಗೆ ಸಾಟಿಯೇ ಇಲ್ಲ. ಇಪ್ಪತ್ತೆರಡಡಿ ಉದ್ದ, ದಾರ ಹಿಡಿದ ಹಾಗೆ ನೇರ.

ಖುಷಿ ಎರಡನೇ ವಾರ ಸ್ವಲ್ಪ ಇಳಿಯಿತು. ಈ ಸ್ಟಡ್‌ಗಳಲ್ಲಿ ವೈರ್ ಹಾಯಿಸಲು ಮೊದಲೇ ತೂತು ಇರುತ್ತವೆ. ಎಲ್ಲದರ ಒಂದೇ ತುದಿ ಮೇಲೆ ಬರುವಂತೆ ನಿಲ್ಲಿಸಿದರೆ ಮಾತ್ರ ತೂತುಗಳು ಒಂದೇ ಸಾಲಿನಲ್ಲಿ ಬರುತ್ತವೆ. ನಾನು ಹನ್ನೊಂದನ್ನು ತಲೆಕೆಳಗೆ ನಿಲ್ಲಿಸಿದ್ದೆ. ವೈರಿಂಗ್‌ಗೆ ಬಂದ ಎಲೆಕ್ಟ್ರಿಷಿಯನ್ ಮಾತಾಡಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದ. ಹನ್ನೊಂದನ್ನೂ ಕಿತ್ತು ತಿರುಗಿಸಿದೆ. ತಗಡಾದ್ದರಿಂದ ಒಂದೇ ಸಂಜೆಯಲ್ಲಿ ಆಯಿತು ಅನ್ನುವುದೂ ನಿಜ. ಆ ತೂತಿನ ಅಂಚು ಚೂಪು. ವೈರಿನ ಪ್ಲಾಸ್ಟಿಕ್ ಸಿಪ್ಪೆ ಸವೆದರೆ ಇಡೀ ಗೋಡೆಗೇ ಕರೆಂಟ್ ಬರಬಹುದು. ಅದಕ್ಕೆ ಪ್ರತಿ ತೂತಿಗೂ ಒಂದೊಂದು ಪ್ಲಾಸ್ಟಿಕ್ ಬಳೆ ಕೂರಿಸಲೇಬೇಕು, ಇಲ್ಲಿಯ ಕಟ್ಟಡ ನಿಯಮ (ಕೋಡ್) ಕೂಡ ಅದನ್ನೇ ಹೇಳುತ್ತದೆ. ಬಳೆಯೇನೋ ಅಗ್ಗ, ನೂರಾರು ಕೂರಿಸುವಾಗ ಹೆಬ್ಬೆರಳು ನೋಯುತ್ತದೆ. ಇನ್ನು ಕೈ ಕುಯ್ದುಕೊಳ್ಳುವುದು. ಕೈಗವಸು ತೆಗೆದು "ಒಂದೇ ಒಂದು" ಅಂದುಕೊಂಡ ಪ್ರತಿ ಸಲವೂ ಕುಯ್ದುಕೊಂಡೆ. ಟೆಟನಸ್ ಇಂಜೆಕ್ಷನ್ ಮಾಡಿಸಿಕೊಂಡು ಎಷ್ಟು ವರ್ಷ ಆಯಿತು ಅಂತ ನನ್ನ ಹೆಂಡತಿ ಫೈಲ್ ಹುಡುಕಿದಳು.

ಡ್ರೈವಾಲ್ ಏರುವವರೆಗೂ ತಗಡಿನ ಗೋಡೆ ಅಲುಗಾಡುತ್ತದೆ. ಮಗ ಒರಗಿದರೆ ಇಡೀ ಸಾಲು ಜಣಜಣ ಅನ್ನುತ್ತಿತ್ತು. ಹೆದರಬೇಡಿ. ಎರಡೂ ಬದಿ ಹಲಗೆ ಬಿಗಿದ ಮೇಲೆ ಅದೇ ಗೋಡೆ ಬೇರೆಯೇ ಆಗಿಬಿಡುತ್ತದೆ.

ಈಗ ಚಳಿಯ ವಿಷಯ. ನನ್ನ ಪ್ರಕಾರ ತಗಡು ಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸಬೇಕಾದದ್ದು ಇಲ್ಲೇ. ಉಕ್ಕು ಈ ಮರಕ್ಕಿಂತ ಮುನ್ನೂರು ನಾನೂರು ಪಟ್ಟು ಸಲೀಸಾಗಿ ಶಾಖ ದಾಟಿಸುತ್ತದೆ. ನೀವು ಎಷ್ಟೇ ಉಣ್ಣೆ ತುಂಬಿ, 16 ಇಂಚಿಗೊಂದು ಉಕ್ಕಿನ ಸೇತುವೆ ಕಟ್ಟಿಟ್ಟ ಹಾಗೆ. ಪೊಟ್ಟಣದ ಮೇಲೆ ಆರ್-13 ಅಂತ ಇರುವ (ಆರ್ ಅಂದರೆ ಚಳಿ ತಡೆಯುವ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) ಉಣ್ಣೆಯನ್ನು ಇಂಥ ತಗಡಿನ ಸ್ಟಡ್‌ಗಳ ನಡುವೆ ತುಂಬಿದರೆ ಕೈಗೆ ಸಿಗುವುದು ಸುಮಾರು ಆರ್-6 ಮಾತ್ರ. ದುಡ್ಡು ಕೊಟ್ಟದ್ದು ಹದಿಮೂರಕ್ಕೆ! ಇದಕ್ಕೆ ಮದ್ದು, ಮೊದಲು ಕಾಂಕ್ರೀಟಿಗೆ ಎರಡಿಂಚಿನ ಗುಲಾಬಿ ಫೋಮ್ ಹಲಗೆ ಅಂಟಿಸಿ, ಸಂದುಗಳಿಗೆ ಟೇಪ್ ಹಾಕಿ, ಅದರ ಮುಂದೆ ಸ್ಟಡ್ ನಿಲ್ಲಿಸುವುದು. ಆ ಫೋಮ್ ಒಂದೇ ಆರ್-10 ಕೊಡುತ್ತದೆ, ಉಕ್ಕು ತಣ್ಣನೆ ಕಾಂಕ್ರೀಟನ್ನು ಮುಟ್ಟುವುದೇ ಇಲ್ಲ. ಫೋಮ್ ಬರಿದೇ ಬಿಡುವಂತಿಲ್ಲ, ಬೆಂಕಿಯ ಭಯಕ್ಕೆ ಮೇಲೆ ಅರ್ಧ ಇಂಚಿನ ಡ್ರೈವಾಲ್ ಬರಬೇಕು. ಅದು ಹೇಗೂ ಬರುತ್ತದೆ.

ಉತ್ತರದ ಗೋಡೆಗೆ ನಾನು ಹಾಗೇ ಮಾಡಿದೆ, ಒಂದು ಮೂಲೆ ಬಿಟ್ಟು. ಆ ಮೂಲೆಯಲ್ಲಿ ನೀರಿನ ಪೈಪ್ ಗೋಡೆಗೆ ಅಂಟಿಕೊಂಡು ಬಂದಿದೆ, ಫೋಮ್ ಕೂರಿಸಲು ಹಲಗೆಯನ್ನು ಚೂರುಚೂರು ಕತ್ತರಿಸಬೇಕಿತ್ತು. ರಾತ್ರಿ ಹನ್ನೊಂದು ಗಂಟೆ. ಆರಡಿ ಜಾಗ ತಾನೇ, ಉಣ್ಣೆ ತುಂಬಿದರೆ ಸಾಕು ಅಂದುಕೊಂಡೆ. ಮುಂದಿನ ಜನವರಿಯಲ್ಲಿ ಆ ಮೂಲೆಯ ಬಣ್ಣದ ಮೇಲೆ ಉದ್ದಕ್ಕೆ ಬೂದು ಪಟ್ಟೆಗಳು ಕಾಣಿಸಿಕೊಂಡವು. 16 ಇಂಚಿಗೊಂದು, ಅಳೆದಿಟ್ಟ ಹಾಗೆ. ಸ್ಟಡ್ ಇರುವ ಕಡೆ ಗೋಡೆ ತಣ್ಣಗಿರುತ್ತದೆ, ಅಲ್ಲಿ ತೇವ ಕೂರುತ್ತದೆ, ತೇವಕ್ಕೆ ಧೂಳು ಹಿಡಿಯುತ್ತದೆ. ಕೋಣೆ 68 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಸಹೋದ್ಯೋಗಿಯಿಂದ ತಂದ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಪಟ್ಟೆಯ ಮೇಲೆ 56, ಪಕ್ಕದಲ್ಲಿ 63. ಫೋಮ್ ಇರುವ ಗೋಡೆಯಲ್ಲಿ ಎಲ್ಲಿ ಹಿಡಿದರೂ 65, 66. ಅದೇ ತಗಡು, ಅದೇ ಉಣ್ಣೆ, ಅದೇ ಸೋಮಾರಿ. ಫೋಮ್ ಒಂದೇ ವ್ಯತ್ಯಾಸ.

ಮರದ ಕಥೆಗೆ ಬರುತ್ತೇನೆ. ಅಕ್ಟೋಬರ್‌ನಲ್ಲಿ ಪಶ್ಚಿಮದ ಗೋಡೆ, ಬಾತ್‌ರೂಮು, ಬಾಗಿಲುಗಳು, ಅತಿಥಿ ಕೋಣೆಯ ಒಂದು ಬದಿ, ಇಷ್ಟಕ್ಕೆ ಮರ ತಂದೆ. ಅಂಗಡಿಯಲ್ಲಿ ಒಂದು ಗಂಟೆ ನಿಂತು ಆರಿಸಿದೆ. ಹತ್ತು ಎತ್ತಿ ನೋಡಿದರೆ ನಾಲ್ಕು ಒಪ್ಪಬಹುದಾದದ್ದು. ಕಾಂಕ್ರೀಟ್ ಮೇಲೆ ಕೂರುವ ಕೆಳಗಿನ ತುಂಡು ಮಾತ್ರ ಕೊಳೆಯದಂತೆ ಔಷಧಿ ಕುಡಿಸಿದ ಮರ ಆಗಿರಬೇಕು, ಅದರ ಕೆಳಗೊಂದು ತೆಳು ಫೋಮ್ ಪಟ್ಟಿ. ಆ ಮರದ ಔಷಧಿಯಲ್ಲಿ ತಾಮ್ರ ಇರುವುದರಿಂದ ಸಾಧಾರಣ ಮೊಳೆಗಳು ತುಕ್ಕು ಹಿಡಿದು ಕರಗುತ್ತವೆ, ದಪ್ಪ ಗ್ಯಾಲ್ವನೈಸ್ ಮಾಡಿದ್ದೇ ಬೇಕು. ತಗಡಿನ ಟ್ರ್ಯಾಕನ್ನು ಅಂಥ ಮರದ ಮೇಲೆ ಕೂರಿಸಲೇಬಾರದು. ಒಬ್ಬ ಗೆಳೆಯ ಎರಡರ ಲಾಭವೂ ಸಿಗಲಿ ಅಂತ ಹಾಗೆ ಮಾಡಲು ಹೊರಟಿದ್ದ, ತಡೆದೆ.

ಮೊಳೆ ಗನ್ ಇದ್ದರೆ ಮರದ ಕೆಲಸ ಹಾಡಿನ ಹಾಗೆ ಸಾಗುತ್ತದೆ. ನೆಲದ ಮೇಲೆ ಜೋಡಿಸಿ, ಎಬ್ಬಿಸಿ, ರಸಮಟ್ಟ ಇಟ್ಟು ಬಿಗಿಯುವುದು. ಗೋಡೆಗೆ ಒರಗಿದರೆ ಗೋಡೆಯೂ ನಿಮಗೆ ಒರಗಿದ ಹಾಗೆ, ಗಟ್ಟಿ. ಆದರೆ ನವೆಂಬರ್‌ನಲ್ಲಿ ಹೀಟರ್ ಹಾಕಿದ ಮೇಲೆ ಮರ ಒಣಗಲು ಶುರುವಾಯಿತು. ಡಿಸೆಂಬರ್ ಹೊತ್ತಿಗೆ ಎರಡು ಸ್ಟಡ್ ಬಿಲ್ಲಿನ ಹಾಗೆ ಮುಂದೆ ಬಂದಿದ್ದವು. ಒಂದನ್ನು ಕಿತ್ತೆ. ಇನ್ನೊಂದಕ್ಕೆ ನಡುವೆ ಅರ್ಧದವರೆಗೆ ಗರಗಸ ಹಾಕಿ, ನೇರ ಮಾಡಿ, ಪಕ್ಕಕ್ಕೊಂದು ತುಂಡು ಜೋಡಿಸಿದೆ. ಅಪ್ಪನಿಗೆ ಹೇಳಿದರೆ, "ಹಸಿ ಮರ ತಂದು ನಿಲ್ಸಿದ್ರೆ ಇನ್ನೆಂತ ಆಗ್ತದೆ? ಮರ ಬಂದ ಮೇಲೆ ಒಂದು ತಿಂಗಳು ಅಟ್ಟಿ ಹಾಕಿ ಇಡ್ಬೇಕು" ಅಂದರು. ಅದು ಹಸಿ ಮರ ಅಲ್ಲ, ಒಲೆಯಲ್ಲಿ ಒಣಗಿಸಿದ್ದು ಅಂತ ಮುದ್ರೆ ಇತ್ತು. ಆ ಮುದ್ರೆಯ ಅರ್ಥ ತೇವ ನೂರಕ್ಕೆ 19ರೊಳಗೆ ಇದೆ ಅಂತ. ಚಳಿಗಾಲದ ಮನೆಯೊಳಗೆ ಅದು ಇನ್ನೂ ಕೆಳಗೆ ಇಳಿಯುತ್ತದೆ. ಅಂದರೆ ಅಪ್ಪ ಹೇಳಿದ್ದೇ ಸರಿ. ಎರಡು ವಾರವಾದರೂ ಬೇಸ್‌ಮೆಂಟಿನಲ್ಲೇ ಅಟ್ಟಿ ಹಾಕಬೇಕಿತ್ತು.

ಇನ್‌ಸ್ಪೆಕ್ಷನ್‌ನಲ್ಲಿ ಎರಡೂ ಗೋಡೆಗಳು ಒಂದೇ ಕಾರಣಕ್ಕೆ ಫೇಲಾದವು. ಸ್ಟಡ್ ಹಿಂದಿನ ಸಂದು ಮೇಲೆ ಜೋಯಿಸ್ಟ್‌ಗಳ ನಡುವಿನ ಜಾಗಕ್ಕೆ ತೆರೆದುಕೊಂಡಿತ್ತು, ಬೆಂಕಿಗೆ ಚಿಮಣಿಯ ಹಾಗೆ. ಮೇಲೆ ಉದ್ದಕ್ಕೂ, ಮತ್ತೆ ಹತ್ತಡಿಗೊಂದು ಕಡೆ ಅಡ್ಡಕ್ಕೆ ರಾಕ್‌ವೂಲ್ (ಬೆಂಕಿ ಹಿಡಿಯದ ಕಲ್ಲಿನ ಉಣ್ಣೆ) ತುಂಬಿ ಮುಚ್ಚಿದ ಮೇಲೆ ಪಾಸು. ತಗಡು ಸುಡುವುದಿಲ್ಲವಲ್ಲ ಅಂತ ವಾದ ಮಾಡಿ ನೋಡಿದೆ. ತಗಡು ಸುಡದಿದ್ದರೂ ಸಂದು ಸಂದೇ ಅಂದರು ಇನ್‌ಸ್ಪೆಕ್ಟರ್ ಯಜಮಾನರು. ನಿಜ.

2022ರ ಏಪ್ರಿಲ್‌ನಲ್ಲಿ ಅಪ್ಪ ಬಂದರು. ಉಳಿದಿದ್ದ ಒಂದು ಟೂ ಬೈ ಫೋರ್ ಎತ್ತಿ, ಉಗುರಿನಲ್ಲಿ ಗೀರಿ, ಮೂಸಿ, ಮೂಲೆಗಿಟ್ಟರು. "ಇದು ಪಕಾಸಿಗೂ ಬಾರದು" ಅಂತ ತೀರ್ಪು. ಗೆದ್ದಲು ಹಿಡಿಯಲ್ವಾ ಅನ್ನುವುದು ಎರಡನೇ ಪ್ರಶ್ನೆ. ಇಲ್ಲಿಯ ಚಳಿಗೆ ಗೆದ್ದಲಿನ ಕಾಟ ಕಡಿಮೆ, ಮಲೆನಾಡಿನ ಹಾಗಲ್ಲ ಅಂದೆ. ನಂಬಲಿಲ್ಲ. ಅವರನ್ನು ಕೆಳಗಿನ ಅತಿಥಿ ಕೋಣೆಯಲ್ಲೇ ಮಲಗಿಸಿದ್ದರಿಂದ ನನಗೊಂದು ವಿಷಯ ಗೊತ್ತಾಯಿತು. ಆ ಕೋಣೆಯ ಒಂದು ಗೋಡೆ ತಗಡಿನದು, ಆಚೆ ಟಿವಿ. ಇನ್ನೊಂದು ಮರದ್ದು, ಆಚೆ ಬಾತ್‌ರೂಮು. ಎರಡರಲ್ಲೂ ಒಂದೇ ರಾಕ್‌ವೂಲ್, ಒಂದೇ ಡ್ರೈವಾಲ್. ಮಗ ಮ್ಯಾಚ್ ನೋಡುತ್ತಾ ಕಿರುಚಿದರೂ ಅಪ್ಪನಿಗೆ ನಿದ್ದೆ ಕೆಡುತ್ತಿರಲಿಲ್ಲ. ಫ್ಲಶ್ ಮಾಡಿದರೆ ಎಚ್ಚರ. ಪೈಪಿನ ಪಾಲೂ ಇದೆ ಅನ್ನಿ, ಆದರೂ ತೆಳು ತಗಡು ಸ್ವಲ್ಪ ಬಳುಕುವುದರಿಂದ ಒಂದು ಬದಿಯ ನಡುಕವನ್ನು ಇನ್ನೊಂದು ಬದಿಗೆ ಪೂರ್ತಿ ದಾಟಿಸುವುದಿಲ್ಲ. ಮರ ಬಿಗಿ, ದಾಟಿಸುತ್ತದೆ. ಯಾರೂ ಹೇಳದ ಲಾಭ ಇದು, ನಾನಂತೂ ಕೊಳ್ಳುವಾಗ ಕೇಳಿರಲಿಲ್ಲ.

(ಕೆಳಗೆ ಯಾರನ್ನಾದರೂ ಮಲಗಿಸುವುದಾದರೆ ಸ್ಟಡ್ ಯೋಚನೆಗೆ ಮುಂಚೆ ಕಿಟಕಿ ಯೋಚನೆ ಮಾಡಿ. ಬೆಂಕಿ ಬಿದ್ದರೆ ಹೊರಬರುವಂಥ ಕಿಟಕಿ, ತೆರೆದಾಗ 5.7 ಚದರಡಿ ಜಾಗ, ನೆಲದಿಂದ 44 ಇಂಚಿನೊಳಗೆ ಅಂಚು. ಅದಿಲ್ಲದೆ ಮಲಗುವ ಕೋಣೆ ಅಂತ ಒಪ್ಪುವುದಿಲ್ಲ.)

ನೀರಿನ ಕಥೆ. 2023ರ ಫೆಬ್ರವರಿ 22ರಂದು ಇಲ್ಲಿ ಹೆಪ್ಪುಗಟ್ಟುವ ಮಳೆ ಸುರಿಯಿತು. ಮಂಜುಗಡ್ಡೆಯ ಭಾರಕ್ಕೆ ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ಆಗ್ನೇಯ ಮಿಶಿಗನ್‌ನಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು. ನಮಗೆ ಹೋದದ್ದು ಮೂರು ದಿನ. ಇಲ್ಲಿ ಪಾಯದ ಸುತ್ತ ಬಸಿಯುವ ನೀರು ಬೇಸ್‌ಮೆಂಟಿನ ಒಂದು ಗುಂಡಿಗೆ ಬಂದು ಬೀಳುತ್ತದೆ, ಸಂಪ್ ಪಂಪ್ ಅದನ್ನು ಹೊರಗೆ ತಳ್ಳುತ್ತದೆ. ಕರೆಂಟ್ ಇಲ್ಲದಿದ್ದರೆ ಬ್ಯಾಟರಿ. ನಮ್ಮ ಬ್ಯಾಟರಿ ಒಂದು ರಾತ್ರಿ ಬಾಳಿತು. ಬೆಳಿಗ್ಗೆ ಮೆಟ್ಟಿಲಿಳಿದರೆ ಅತಿಥಿ ಕೋಣೆಯಲ್ಲಿ ಒಂದಿಂಚು ನೀರು. ಅಪ್ಪ ಊರಿಗೆ ಹೋಗಿಯಾಗಿತ್ತು, ಅಷ್ಟು ಪುಣ್ಯ.

ಪಕ್ಕದ ಮನೆಯವರ ಜನರೇಟರ್‌ಗೆ ಪಂಪ್ ಜೋಡಿಸಿ ನೀರು ತೆಗೆದ ಮೇಲೆ, ಕೆಳಗಿನ ಒಂದಡಿ ಡ್ರೈವಾಲ್ ಕೊಯ್ದು ಎರಡೂ ಗೋಡೆಗಳ ಹೊಟ್ಟೆ ನೋಡಿದೆ. ತಗಡಿನ ಕಡೆ ಒಂದು ಪೇಚಿತ್ತು. ಕೆಳಗಿನ ಟ್ರ್ಯಾಕು ನಮ್ಮೂರಲ್ಲಿ ಅಡಿಕೆ ಮರ ಸೀಳಿ ಸೂರಿಗೆ ಕಟ್ಟುತ್ತಿದ್ದ ದೋಣಿಯ ಹಾಗೇ ಇರುತ್ತದಲ್ಲ, ಅದರೊಳಗೆ ನೀರು ನಿಂತಿತ್ತು. ನೆಲ ಒಣಗಿದರೂ ಅದು ಒಣಗಲಿಲ್ಲ. ಸ್ಪಂಜು ತುರುಕಿ ತುರುಕಿ ತೆಗೆದೆ. ಸ್ಟಡ್‌ಗಳಿಗೆ ಏನೂ ಆಗಿರಲಿಲ್ಲ. ನಾನು ಕತ್ತರಿಸಿದ ತುದಿಗಳಲ್ಲಿ ಮತ್ತು ಮೊಳೆಯ ಸುತ್ತ ಕಂದು ತುಕ್ಕು, ಅಷ್ಟೇ. ಮರದ ಕಡೆ ಔಷಧಿ ಕುಡಿಸಿದ ಕೆಳಗಿನ ತುಂಡು ಜಗ್ಗಲಿಲ್ಲ. ಅದರ ಮೇಲಿನ ಸಾಧಾರಣ ಸ್ಟಡ್‌ಗಳು ಮಾತ್ರ ನಾಲ್ಕೈದು ಇಂಚು ನೀರು ಹೀರಿದ್ದವು. ತೇವದ ಮೀಟರ್ ನೂರಕ್ಕೆ 28 ತೋರಿಸಿತು. ಫ್ಯಾನು, ಡೀಹ್ಯುಮಿಡಿಫೈಯರ್ ಎರಡು ವಾರ ಓಡಿಸಿದ ಮೇಲೆ 14ಕ್ಕೆ ಇಳಿಯಿತು. ಎರಡು ಸ್ಟಡ್‌ಗಳ ಬುಡದಲ್ಲಿ ಕಪ್ಪು ಬೂಷ್ಟು, ಉಜ್ಜಿ ತೆಗೆದೆ.

ತಗಡಿಗೆ ಬೂಷ್ಟು ಹಿಡಿಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ತಗಡಿಗೆ ಹಿಡಿಯಲಿಲ್ಲ, ನಿಜ. ತಗಡಿಗೆ ಅಂಟಿಸಿದ್ದ ಡ್ರೈವಾಲಿನ ಬೆನ್ನಿನ ಕಾಗದಕ್ಕೆ ಭರ್ತಿ ಹಿಡಿದಿತ್ತು, ಮರದ ಕಡೆಯಷ್ಟೇ. ನೆನೆದ ಉಣ್ಣೆಯನ್ನು ಎರಡೂ ಕಡೆ ಎಸೆದೆ. ಖರ್ಚು ಎರಡೂ ಗೋಡೆಗಳಿಗೆ ಹೆಚ್ಚುಕಡಿಮೆ ಒಂದೇ. ಆಮೇಲೆ ದುಡ್ಡು ಹಾಕಿದ್ದು ಸ್ಟಡ್ಡಿಗಲ್ಲ, ದೊಡ್ಡ ಬ್ಯಾಟರಿಗೆ.

ಇನ್ನು ನೇತುಹಾಕುವ ವಿಷಯ, ಇದರಲ್ಲಿ ನನಗೆ ತಗಡಿನ ಮೇಲೆ ಸಿಟ್ಟಿದೆ. ನಮ್ಮವಳಿಗೆ ಕೆಳಗೆ ನಾಗಂದಿಗೆ ಬೇಕಿತ್ತು. ಅಕ್ಕಿ, ಬೇಳೆ, ಉಪ್ಪಿನಕಾಯಿ ಜಾಡಿ, ವರ್ಷಕ್ಕೊಮ್ಮೆ ಇಳಿಸುವ ಒಬ್ಬಟ್ಟಿನ ಬಾಣಲೆ. ಮರದ ಗೋಡೆಗೆ ಮೂರಿಂಚಿನ ಸ್ಕ್ರೂ ಹೊಡೆದೆ, ಹದಿನೈದು ನಿಮಿಷದ ಕೆಲಸ. ಟಿವಿ ತಗಡಿನ ಗೋಡೆಗೆ. 25 ಗೇಜಿನಲ್ಲಿ ಸ್ಕ್ರೂ ಹಿಡಿಯುವುದು ಕೂದಲೆಳೆಯಷ್ಟು ತಗಡನ್ನು, ಸ್ವಲ್ಪ ಜಾಸ್ತಿ ತಿರುಗಿಸಿದರೆ ತೂತು ಅಗಲವಾಗಿ ಸುಮ್ಮನೆ ಸುತ್ತುತ್ತದೆ. ಡ್ರೈವಾಲ್ ಹಾಕುವ ಮುಂಚೆಯೇ ಸ್ಟಡ್‌ಗಳ ನಡುವೆ ಮುಕ್ಕಾಲು ಇಂಚಿನ ಪ್ಲೈವುಡ್ ಕೂರಿಸಿದ್ದರಿಂದ ಬಚಾವಾದೆ. ಆದರೆ ಗೋಡೆಯ ಬುಡಕ್ಕೆ ಬರುವ ಬೇಸ್‌ಬೋರ್ಡ್ ಪಟ್ಟಿಗೆ ಏನೂ ಕೂರಿಸಿರಲಿಲ್ಲ. ಸಣ್ಣ ಮೊಳೆಗೆ ತಗಡಿನಲ್ಲಿ ಹಿಡಿತವೇ ಇಲ್ಲ. ಗೋಂದು ಹಚ್ಚಿ, ಒತ್ತಿ ಹಿಡಿದು, ಎರಡು ದಿನ ಪುಸ್ತಕದ ಡಬ್ಬಗಳನ್ನು ಒರಗಿಸಿಟ್ಟೆ. ತಗಡು ಹಾಕುವವರು ನೆಲದ ಹತ್ತಿರ ಉದ್ದಕ್ಕೂ ಒಂದು ಪ್ಲೈವುಡ್ ಪಟ್ಟಿ ಕೊಟ್ಟುಬಿಡಿ. ಬಾಗಿಲಿಗಂತೂ ಮರವೇ. ತಗಡಿನ ಚೌಕಟ್ಟಿನೊಳಗೆ ಟೂ ಬೈ ಫೋರ್ ತೂರಿಸಿ ಗಟ್ಟಿ ಮಾಡಬಹುದು, ಆದರೆ ಆಗ ಎರಡು ಕೆಲಸ ಮಾಡಿದ ಹಾಗಾಯಿತು.

ಡ್ರೈವಾಲ್ ಸ್ಕ್ರೂ ಎರಡಕ್ಕೂ ಬೇರೆ ಅನ್ನುವುದು ಮರೆಯಬೇಡಿ. ತಗಡಿಗೆ ಒತ್ತೊತ್ತಾದ ಸಣ್ಣ ಎಳೆಯದು, ಮರಕ್ಕೆ ದೊಡ್ಡ ಎಳೆಯದು. ನಾನು ಒಂದು ಡಬ್ಬಿ ಅದಲುಬದಲು ಮಾಡಿದೆ. ಮರದ ಕಡೆ ಮೊದಲ ಚಳಿಗಾಲದಲ್ಲೇ ಏಳೆಂಟು ಸ್ಕ್ರೂ ತಲೆಗಳು ಬಣ್ಣದ ಮೇಲೆ ಗುಳ್ಳೆಯ ಹಾಗೆ ಎದ್ದವು. ಅದರಲ್ಲಿ ಎಷ್ಟು ನನ್ನ ತಪ್ಪು, ಎಷ್ಟು ಮರ ಒಣಗಿದ್ದು, ಲೆಕ್ಕ ಹಾಕಲು ಹೋಗಿಲ್ಲ. ತಗಡಿನ ಕಡೆ ಒಂದೂ ಎದ್ದಿಲ್ಲ.

ಮೆಟ್ಟಿಲ ಕೆಳಗಿನ ಸ್ಟೋರ್ ರೂಮು ಇನ್ನೂ ಬಾಕಿ ಇತ್ತು. ಹೋದ ತಿಂಗಳು ಅದಕ್ಕೆ ಸಾಮಾನು ತಂದೆ. ಕಾಂಕ್ರೀಟ್ ಪಕ್ಕದ ಗೋಡೆಗೆ ಎರಡಿಂಚಿನ ಫೋಮ್, ಅದರ ಮುಂದೆ ತಗಡು. ಡಕ್ಟ್ ಪೆಟ್ಟಿಗೆಗೂ ತಗಡು. ಬಾಗಿಲಿಗೆ, ಮತ್ತೆ ನಾಗಂದಿಗೆ ಬರುವ ಅಡ್ಡಗೋಡೆಗೆ ಮರ. ಆ ಮರ ಈಗ ಬೇಸ್‌ಮೆಂಟಿನ ನಡುವೆ ರೀಪಿನ ಸಂದು ಕೊಟ್ಟು ಅಟ್ಟಿ ಹಾಕಿದೆ, ಮೂರನೇ ವಾರ. ಅಪ್ಪ ದಿನಾ ವಿಡಿಯೋದಲ್ಲಿ ಅದನ್ನು ಮಾತ್ರ ತೋರಿಸು ಅನ್ನುತ್ತಾರೆ.

ತಗಡುಗಳನ್ನು ಸ್ಕ್ರೂ ಇಲ್ಲದೆ ಕಚ್ಚಿಸುವ ಕ್ರಿಂಪರ್ ಒಂದಿದೆ ನನ್ನ ಹತ್ತಿರ, ಎರಡು ತಗಡು ಕತ್ತರಿಗಳೂ ಇವೆ, ಎಡಕ್ಕೊಂದು ಬಲಕ್ಕೊಂದು. ಸ್ಟೋರ್ ರೂಮಿನ ಕೆಲಸ ಮುಗಿದ ಮೇಲೆ ಸುಮ್ನೆ ಬಿದ್ದಿರುತ್ತವೆ. ಕ್ಯಾಂಟನ್, ನೊವೈ ಕಡೆಯ ಪರಿಚಯದವರು ಬಂದು ಒಯ್ಯಬಹುದು. ಕೈಗವಸು ಮಾತ್ರ ನಿಮ್ಮದೇ ತಂದುಕೊಳ್ಳಿ.